ತನ್ನೊಡನೆ ತಾನಾಡುವ ಮಾತು

ಬೆಳಗಿನ ಹೊತ್ತು ಮುಂಬಯಿ ಬಳಿಯ ಡೊಂಬಿವಲಿ ನಿಲ್ದಾಣದಲ್ಲಿ ಫಾಸ್ಟ್ ಗಾಡಿ ತಪ್ಪಿಸಿಕೊಂಡ ಅಪರಿಚಿತನಿಗೆ ‘ಚಿಂತೆಯಿಲ್ಲ, ಹಿಂದೆಯೇ ಇನ್ನೊಂದಿದೆ’ ಎಂದು ಸಮಾಧಾನ ಹೇಳಬಲ್ಲ ಮನುಷ್ಯನೇ, ಅದೇ ಗಾಡಿ ತನಗೆ ತಪ್ಪಿದಾಗ ‘ನಿನ್ನಿಂದ ಒಂದು ಕೆಲಸವೂ ನೆಟ್ಟಗಾಗದು’ ಎಂದು ತನ್ನನ್ನು ತಾನು ಜರೆದುಕೊಳ್ಳುತ್ತಾನೆ. ಅನ್ಯರು ನಮ್ಮ ಮಕ್ಕಳಿಗೆ ಈ ಮಾತನ್ನಾಡಿದರೆ ಜಗಳಕ್ಕೆ ನಿಲ್ಲುವ ನಾವು, ನಮಗೆ ನಾವೇ ಆಡಿಕೊಂಡಾಗ ಅದನ್ನು ಶಿಸ್ತೆಂದು ಭ್ರಮಿಸುತ್ತೇವೆ.

ಈ ಅಂತರಂಗದ ವಿಚಾರಣೆಯನ್ನು ಯಶವಂತ ಚಿತ್ತಾಲರಷ್ಟು ಸೂಕ್ಷ್ಮವಾಗಿ ಕಂಡವರು ಕನ್ನಡದಲ್ಲಿ ವಿರಳ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿ ಬಾಳಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದ ಅವರ ‘ಶಿಕಾರಿ’ (1979) ಕಾದಂಬರಿಯ ನಾಗಪ್ಪ, ಉದ್ಯೋಗದಿಂದ ಅಮಾನತಾದೊಡನೆ, ತನ್ನ ಮೇಲಿನ ಆರೋಪವೇನೆಂಬುದು ಸ್ಪಷ್ಟವಾಗುವ ಮೊದಲೇ, ತನ್ನ ಗತಜೀವನವನ್ನೆಲ್ಲ ಕೆದಕತೊಡಗುತ್ತಾನೆ. ಊರು ಬಿಟ್ಟು ಬಂದು ದುಡಿಮೆಯಿಂದಲೇ ಗುರುತು ಗಳಿಸಿದವರ ನಗರದಲ್ಲಿ, ಕೆಲಸ ಕೆಟ್ಟರೆ ತಾನೇ ಕೆಟ್ಟೆನೆಂಬ ಭಾವನೆ ಎಷ್ಟು ಸಹಜವಾಗಿ ಆವರಿಸುವುದೆಂಬುದನ್ನು ಅವನಲ್ಲಿ ಕಾಣಬಹುದು.

ಕೆಲಸವನ್ನೂ ತನ್ನನ್ನೂ ಒಂದೆಂದು ಬಗೆಯುವ ಈ ಭಾವನೆಗೆ ಮದ್ದಿದೆ. ನ್ಯೂಯಾರ್ಕಿನ ಮನೋವಿಜ್ಞಾನಿ ಆಲ್ಬರ್ಟ್ ಎಲ್ಲಿಸ್ 1955ರ ಸುಮಾರಿಗೆ ರೂಪಿಸಿದ ಮನೋಚಿಕಿತ್ಸಾಪದ್ಧತಿಯ ಮುಖ್ಯ ತತ್ತ್ವಗಳಲ್ಲೊಂದು ಹೀಗಿದೆ: ಕೃತಿಯನ್ನು ಅಳೆಯಿರಿ, ಕರ್ತೃವನ್ನಲ್ಲ. ಎಲ್ಲಿಸರೊಡನೆ ದೀರ್ಘಕಾಲ ಪತ್ರವ್ಯವಹಾರ ನಡೆಸಿದ ಮನೋವಿಜ್ಞಾನಿ ಕಿಶೋರ್ ಫಡ್ಕೆಯವರು ಈ ವಿಚಾರವನ್ನು ಮುಂಬಯಿಗೆ ಪರಿಚಯಿಸಿದರು. ಮನುಷ್ಯನು ತನಗೆ ತಾನೇ ಬಂಧುವೂ ಹಗೆಯೂ ಆಗಬಲ್ಲನೆಂದು ಗೀತೆಯ ಆರನೆಯ ಅಧ್ಯಾಯವೂ ಹೇಳುವುದರಿಂದ ನಮಗೆ ಇದು ಪೂರ್ತಿ ಪರಕೀಯವಲ್ಲ.

ಉದಾಹರಣೆಗೆ, ಮುಂಬಯಿಯ ಮಾಟುಂಗದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕುಳಿತ ಹುಡುಗನಿಗೆ ರಾತ್ರಿಯ ಲೆಕ್ಕದಲ್ಲಿ ಇನ್ನೂರು ರೂಪಾಯಿ ಕಡಿಮೆ ಬಂತೆನ್ನೋಣ. ‘ನಾನು ನಾಲಾಯಕ್ಕು’ ಎಂದುಕೊಂಡರೆ ಮರುದಿನ ಮಾಡಲು ಏನೂ ಉಳಿಯದು. ‘ಸಂಜೆಯ ಗದ್ದಲದಲ್ಲಿ ಬಿಲ್ಲೊಂದು ಬಿಟ್ಟುಹೋಯಿತು, ನಾಳೆಯಿಂದ ಗಂಟೆಗೊಮ್ಮೆ ತಾಳೆ ನೋಡುತ್ತೇನೆ’ ಎಂದರೆ ತಪ್ಪಿಗೊಂದು ಸ್ಥಳ, ತಿದ್ದುವುದಕ್ಕೊಂದು ದಾರಿ ದೊರೆಯುತ್ತವೆ. ಎರಡನೆಯ ಮಾತು ಮೃದುವಷ್ಟೇ ಅಲ್ಲ, ಹೆಚ್ಚು ಸತ್ಯವಾದದ್ದೂ ಹೌದು. ಆತ್ಮಪ್ರೀತಿಯೆಂದರೆ ಆತ್ಮಪ್ರಶಂಸೆಯೆಂದು ತಿಳಿದು ಹಿಂಜರಿಯುವ ಸಜ್ಜನರಿಗೆ ನಾನು ಒತ್ತಿ ಹೇಳಬಯಸುವುದು ಇದನ್ನೇ.

ನಮ್ಮನ್ನು ನಾವು ಸಂಬೋಧಿಸುವ ಬಗೆಯೂ ಮುಖ್ಯ. ಮಿಶಿಗನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ನಾನು’ ಎನ್ನದೆ ತಮ್ಮನ್ನು ಹೆಸರು ಹಿಡಿದು ಮಾತನಾಡಿಸಿಕೊಂಡವರ ಉದ್ವೇಗ ತಗ್ಗಿದ್ದು ಕಂಡುಬಂದಿತು. ನಮ್ಮಲ್ಲಿ ಅದಕ್ಕೆ ಸಿದ್ಧವಾದ ದನಿಯೇ ಇದೆ: ‘ಹೋಗಲಿ ಬಿಡು ಮಾರಾಯ, ಮೊದಲು ಉಣ್ಣು, ಬೆಳಗ್ಗೆ ನೋಡುವ’ ಎನ್ನುವ ಕರಾವಳಿಯ ಚಿಕ್ಕಮ್ಮನ ದನಿ. ಆರಂಭದಲ್ಲಿ ಅದು ಕೃತಕವೆನಿಸೀತು. ಹತ್ತಾರು ವರ್ಷದ ಬೈಗಳ ಅಭ್ಯಾಸ ಒಂದು ವಾರದಲ್ಲಿ ತೊಲಗಲಾರದು.

ಆದರೆ ನಿದ್ರೆ, ಹಸಿವು ಕೆಟ್ಟು, ಬದುಕೇ ಬೇಡವೆನ್ನುವಷ್ಟು ಒಳದನಿ ಕ್ರೂರವಾದಾಗ ಒಬ್ಬರೇ ಹೆಣಗಬಾರದು. 1990ರಲ್ಲಿ ಮನೋವೈದ್ಯ ಡಾ. ಆನಂದ ನಾಡಕರ್ಣಿಯವರು ಠಾಣೆಯಲ್ಲಿ ಸ್ಥಾಪಿಸಿದ ಮಾನಸಿಕ ಆರೋಗ್ಯ ಸಂಸ್ಥೆ ಉಪನಗರದವರಿಗೆ ಸಮೀಪದಲ್ಲೇ ಇದೆ. 2022ರಲ್ಲಿ ಆರಂಭವಾದ ಭಾರತ ಸರಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416 ಸಂಖ್ಯೆಯಲ್ಲಿ, ಹಗಲಿರುಳೂ, ಉಚಿತವಾಗಿ ದೊರೆಯುತ್ತದೆ, ಮತ್ತು ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.