ಕಾಲೇಜು ಬಿಟ್ಟರು, ಕಾವ್ಯ ಬಿಡಲಿಲ್ಲ

ಕೃಷ್ಣೆ ಒಂದು ಕಡೆ, ತುಂಗಭದ್ರೆ ಇನ್ನೊಂದು ಕಡೆ. ನಡುವಣ ಕಪ್ಪು ನೆಲವನ್ನು ಹಿಂದಿನವರು ಎಡೆದೊರೆ ನಾಡೆಂದು ಕರೆದರು. ಇತಿಹಾಸದ ಪುಸ್ತಕಗಳು ಅದನ್ನೇ ರಾಯಚೂರು ದೋ ಆಬ್ ಎನ್ನುತ್ತವೆ. ಎರಡು ಹೊಳೆಗಳ ನಡುವೆ ಇದ್ದುದೇ ತಪ್ಪೋ ಎಂಬಂತೆ ಈ ನಾಡು ಕಂಡ ಯುದ್ಧಗಳಿಗೆ ಲೆಕ್ಕವಿಲ್ಲ. ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಇದಕ್ಕಾಗಿ ತಲೆತಲಾಂತರ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಸುಲ್ತಾನನನ್ನು ಸೋಲಿಸಿ ರಾಯಚೂರಿನ ಕೋಟೆಯನ್ನು ಹಿಡಿದನು. ಆಮೇಲೂ ಕುದುರೆಯ ಗೊರಸಿನ ಸದ್ದು ಇಲ್ಲಿ ನಿಲ್ಲಲಿಲ್ಲ.

ಸಿಂಧನೂರು ತಾಲ್ಲೂಕಿನ ಸಾಲಗುಂದ ಈ ನಾಡಿನ ಒಂದು ಊರು. ಇಂಥ ಊರಿನಿಂದ ಓದಲು ಹೊರಟ ಹುಡುಗನೊಬ್ಬ 1947ರಲ್ಲಿ ಪುಸ್ತಕ ತೆರೆದು ಕುಳಿತಿದ್ದನೆಂದು ಕಲ್ಪಿಸಿಕೊಳ್ಳಿ. ಅವನನ್ನು ಒಂದು ಪ್ರಶ್ನೆ ಕಾಡದೆ ಇದ್ದಿರಲಾರದು. ಸುತ್ತಣ ಹಳ್ಳಿಗಳು ಹೊತ್ತಿ ಉರಿಯುತ್ತಿರುವಾಗ ಪಂಪನನ್ನೋ ಕುಮಾರವ್ಯಾಸನನ್ನೋ ಓದುತ್ತ ಕೂಡುವುದು ಸರಿಯೆ? ಅದು ಹೇಡಿತನವಲ್ಲವೆ?

ಈ ಪ್ರಶ್ನೆಗೆ ಹೈದರಾಬಾದು ಸಂಸ್ಥಾನದ ಕನ್ನಡಿಗರು ಮಾತಿನಲ್ಲಿ ಉತ್ತರ ಕೊಡಲಿಲ್ಲ. ಅವರ ಉತ್ತರವೇನೆಂಬುದನ್ನು ಅವರ ನಡತೆಯಿಂದಲೇ ತಿಳಿಯಬೇಕು.

ಮನೆಯ ಮಾತು, ಶಾಲೆಯ ಮಾತು

ಆ ಹುಡುಗನು ಮನೆಯಲ್ಲಿ ಕೇಳಿದ ಸಾಹಿತ್ಯವೇನೂ ಕಡಮೆಯದಲ್ಲ. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಅಜ್ಜಿಯ ಪದ, ಮಠದಲ್ಲಿ ವಚನ, ಭಜನೆಯಲ್ಲಿ ದಾಸರ ಹಾಡು. ಮಾನವಿಯ ಜಗನ್ನಾಥದಾಸರು (1728-1809) 'ಹರಿಕಥಾಮೃತಸಾರ'ವನ್ನು ರಚಿಸಿದ ಕಾಲವಾದರೂ ಶಾಂತಿಯ ಕಾಲವಾಗಿರಲಿಲ್ಲ. ನಿಜಾಮರು, ಮರಾಠರು, ಮೈಸೂರಿನವರು ಈ ಪ್ರದೇಶಕ್ಕಾಗಿ ಕಾದಾಡುತ್ತಿದ್ದ ಕಾಲವದು. ಇನ್ನು ಮೊಹರಮ್ಮು ಬಂದರೆ ರಿವಾಯತ್ ಪದಗಳು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಮ್ಮು ಸುತ್ತಣ ಸೀಮೆಗೆಲ್ಲ ಹೆಸರಾದುದು. ಕ್ರಿ.ಶ. 680ರಲ್ಲಿ ದೂರದ ಕರ್ಬಲಾದಲ್ಲಿ ನಡೆದ ಯುದ್ಧದ ಕಥೆಯನ್ನು ಈ ಭಾಗದ ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿ ಹೆಜ್ಜೆ ಹಾಕುತ್ತ ಅಚ್ಚಗನ್ನಡದಲ್ಲಿ ಹಾಡುತ್ತ ಬಂದಿದ್ದಾರೆ.

ಇಷ್ಟೆಲ್ಲ ಸಂಪತ್ತನ್ನು ಮನೆಯಲ್ಲಿ ಬಿಟ್ಟು ಹುಡುಗ ಮೇಲಿನ ಶಾಲೆಗೆ ಹೋದರೆ ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಕಚೇರಿಯ ಭಾಷೆ ಉರ್ದು, ನ್ಯಾಯಾಲಯದ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಾ ಭಾಷೆಯೂ ಉರ್ದುವೇ. ದೇಶಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯ, ಕಾನೂನುಗಳನ್ನು ಕಲಿಸಹೊರಟ ಆ ಸಾಹಸ ಸಾಮಾನ್ಯವಾದುದಲ್ಲ; ಅದಕ್ಕಾಗಿ ಪ್ರತ್ಯೇಕವಾದ ಭಾಷಾಂತರ ಶಾಖೆಯನ್ನೇ ತೆರೆಯಲಾಗಿತ್ತು. ಆದರೆ ಸಂಸ್ಥಾನದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ರಾಯಚೂರು, ಕಲಬುರ್ಗಿ, ಬೀದರ ಜಿಲ್ಲೆಗಳ ಕನ್ನಡ ಬಾಲಕನಿಗೆ ಆ ಸಾಹಸದ ಫಲ ಇನ್ನೊಬ್ಬರ ಮನೆಯ ಹಬ್ಬದೂಟದಂತಿತ್ತು.

ಕನ್ನಡಕ್ಕೆ ಅಲ್ಲಿ ಎಡೆಯೇ ಇರಲಿಲ್ಲವೆಂದಲ್ಲ. ಉಸ್ಮಾನಿಯಾದಲ್ಲಿ ಅದನ್ನು ಒಂದು ವಿಷಯವಾಗಿ ಓದಬಹುದಾಗಿತ್ತು. ಪ್ರೊಫೆಸರ್ ಡಿ. ಕೆ. ಭೀಮಸೇನರಾಯರು ಅಲ್ಲಿ ಕನ್ನಡ ಬೋಧಿಸಿದರು. ಆದರೆ ತರಗತಿಯ ಹೊರಗೆ ಕನ್ನಡದ ಹೆಸರಿನಲ್ಲಿ ನಾಲ್ಕು ಜನ ಸೇರುವುದು ಸುಲಭವಾಗಿರಲಿಲ್ಲ. 'ಗಸ್ತಿ ನಿಶಾನ್ 53' ಎಂಬ ಸರಕಾರಿ ಆಜ್ಞೆಯ ಪ್ರಕಾರ ಮುಂಚಿತವಾಗಿ ಅನುಮತಿ ಪಡೆಯದೆ ಸಭೆ ನಡೆಸಕೂಡದು. ಇಂಥ ಕಟ್ಟುಪಾಡಿನ ನಡುವೆಯೇ 1928ರಲ್ಲಿ ಕಲಬುರ್ಗಿಯಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿಯೂ, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿಯೂ ಸಾಹಿತ್ಯ ಸಮ್ಮೇಳನಗಳು ನಡೆದವು. ರಾಜಕೀಯ ಸಭೆಗೆ ಬಾಗಿಲು ಮುಚ್ಚಿದ್ದ ನಾಡಿನಲ್ಲಿ ಸಾಹಿತ್ಯ ಸಭೆಯೇ ಜನರು ಒಬ್ಬರ ಮುಖವನ್ನೊಬ್ಬರು ನೋಡುವ ಸ್ಥಳವಾಯಿತು.

ಯುದ್ಧದ ವರ್ಷದ ಎರಡು ಘಟನೆಗಳು

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1915ನೆಯ ಇಸವಿ. ಮೊದಲನೆಯ ಮಹಾಯುದ್ಧ ಯೂರೋಪನ್ನು ಸುಡುತ್ತಿದ್ದ ಕಾಲ. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. ಅದೇ ವರ್ಷ ಮಸ್ಕಿಯಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು ಬಂಡೆಯೊಂದರ ಮೇಲೆ ಬ್ರಾಹ್ಮೀ ಲಿಪಿಯ ಬರಹವನ್ನು ಕಂಡನು. ಅದು ಅಶೋಕನ ಶಾಸನ. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಮೊದಲಾದ ಬಿರುದುಗಳಿದ್ದವೇ ಹೊರತು 'ಅಶೋಕ' ಎಂಬ ಹೆಸರು ಇರಲಿಲ್ಲ. ಮಸ್ಕಿಯ ಬಂಡೆ ಆ ಹೆಸರನ್ನು ಜಗತ್ತಿಗೆ ತಿಳಿಸಿತು. ನಿಜಾಂ ಸರಕಾರದ ಪುರಾತತ್ತ್ವ ಇಲಾಖೆಯೇ ಅದನ್ನು ಅಚ್ಚು ಹಾಕಿಸಿ ಪ್ರಕಟಿಸಿತು.

ಕಳಿಂಗದ ರಕ್ತಪಾತವನ್ನು ಕಂಡು ನೊಂದ ಅರಸನ ಶಾಸನವದು. ಧರ್ಮದಲ್ಲಿ ನಡೆದರೆ ಸಣ್ಣವನೂ ಉನ್ನತಿಯನ್ನು ಪಡೆಯಬಲ್ಲ, ಅದು ದೊಡ್ಡವರ ಸೊತ್ತು ಮಾತ್ರವಲ್ಲ ಎಂಬುದು ಅದರ ತಾತ್ಪರ್ಯ. ಜಗತ್ತು ಯುದ್ಧದಲ್ಲಿ ಮುಳುಗಿದ್ದಾಗ ಯಾರೋ ಕೆಲವರು ಕುಳಿತು ಆ ಹಳೆಯ ಅಕ್ಷರಗಳನ್ನು ಬಿಡಿಸಿ ಓದಿದರು. ಯುದ್ಧ ಮುಗಿಯಲಿ, ಆಮೇಲೆ ನೋಡೋಣ ಎಂದು ಅವರು ಕೈಕಟ್ಟಿ ಕೂಡಲಿಲ್ಲ.

ಒಂದು ಹಾಡಿನ ಬೆಲೆ

ಉಸ್ಮಾನಿಯಾದ ವಿದ್ಯಾರ್ಥಿನಿಲಯಗಳಲ್ಲಿ 1938ರಲ್ಲಿ ಒಂದು ಹಾಡಿನ ಮೇಲೆ ಜಗಳವಾಯಿತು. ಪ್ರಾರ್ಥನೆಯ ಕೋಣೆಯಲ್ಲಿ ಹುಡುಗರು 'ವಂದೇ ಮಾತರಂ' ಹಾಡುತ್ತಿದ್ದರು. ಹಾಡಕೂಡದೆಂದು ಅಧಿಕಾರಿಗಳು ಆಜ್ಞೆ ಮಾಡಿದರು, ಹುಡುಗರು ಕೇಳಲಿಲ್ಲ. ಮುಷ್ಕರವಾಯಿತು, ಕಲಬುರ್ಗಿ, ಔರಂಗಾಬಾದುಗಳ ಕಾಲೇಜುಗಳಿಗೂ ಅದು ಹಬ್ಬಿತು. ವಿದ್ಯಾರ್ಥಿಗಳನ್ನು ಹೊರಗೆ ಹಾಕಲಾಯಿತು. ಅವರಲ್ಲಿ ಅನೇಕರಿಗೆ ಆಶ್ರಯ ಕೊಟ್ಟುದು ನಾಗಪುರ ವಿಶ್ವವಿದ್ಯಾನಿಲಯ. ಹಾಗೆ ನಾಗಪುರಕ್ಕೆ ಹೋದ ಹುಡುಗರಲ್ಲಿ ಪಿ. ವಿ. ನರಸಿಂಹರಾಯರು ಒಬ್ಬರು. 1991ರಲ್ಲಿ ಅವರು ಭಾರತದ ಪ್ರಧಾನಿಯಾದುದು ಎಲ್ಲರಿಗೂ ಗೊತ್ತು. ವಿಶ್ವನಾಥ ಸತ್ಯನಾರಾಯಣರ 'ವೇಯಿ ಪಡಗಲು' ಎಂಬ ತೆಲುಗಿನ ಮಹಾಕಾದಂಬರಿಯನ್ನು ಹಿಂದಿಗೆ ಅನುವಾದಿಸಿದವರೂ ಅವರೇ ಎಂಬುದು ಅಷ್ಟಾಗಿ ಗೊತ್ತಿಲ್ಲ. ಹಾಡಿಗಾಗಿ ಕಾಲೇಜನ್ನು ಕಳೆದುಕೊಂಡವರು ಸಾಹಿತ್ಯವನ್ನು ಕಳೆದುಕೊಳ್ಳಲಿಲ್ಲ.

ಮರುವರ್ಷ ಎರಡನೆಯ ಮಹಾಯುದ್ಧ ಆರಂಭವಾಯಿತು. ಅಕ್ಟೋಬರಿನಲ್ಲಿ ಆಕ್ಸ್‌ಫರ್ಡಿನ ಇಗರ್ಜಿಯೊಂದರಲ್ಲಿ ಸಿ. ಎಸ್. ಲೂಯಿಸ್ ಎಂಬ ಸಾಹಿತ್ಯದ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕುರಿತು ಮಾತನಾಡಿದರು. ಹಿಂದಿನ ಯುದ್ಧದಲ್ಲಿ ಸೈನಿಕರಾಗಿ ಗಾಯಗೊಂಡಿದ್ದ ಅವರಿಗೆ ಆ ವಿಷಯವನ್ನು ಮಾತನಾಡುವ ಅಧಿಕಾರವಿತ್ತು. ಮನುಷ್ಯನು ಎಂದೆಂದೂ ಕೊರಕಲಿನ ಅಂಚಿನಲ್ಲಿಯೇ ಬದುಕಿದವನು. ಪೂರ್ತಿ ನೆಮ್ಮದಿ ಸಿಗುವವರೆಗೆ ವಿದ್ಯೆ ಕಾಯಬೇಕೆಂದಿದ್ದರೆ ಅದು ಆರಂಭವೇ ಆಗುತ್ತಿರಲಿಲ್ಲ ಎಂಬುದು ಅವರ ಮಾತಿನ ಸಾರ.

ಆದರೆ ಹೈದರಾಬಾದಿನಲ್ಲಿ ಇನ್ನೊಂದು ಬಗೆಯ ಉತ್ತರ ಕೊಟ್ಟವರೂ ಇದ್ದರು. ಅಲ್ಲಿಯ ಸಿಟಿ ಕಾಲೇಜಿನಲ್ಲಿ ಉರ್ದು ಸಾಹಿತ್ಯವನ್ನು ಕಲಿಸುತ್ತಿದ್ದ ಕವಿ ಮಖ್ದೂಮ್ ಮೊಹಿಯುದ್ದೀನರು 1941ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಕಮ್ಯೂನಿಸ್ಟ್ ಚಳವಳಿಗೆ ಇಳಿದರು. ತೆಲಂಗಾಣದ ರೈತರ ಹೋರಾಟದಲ್ಲಿ ಭೂಗತರಾದರು. ಕವಿತೆ ಬರೆಯುವುದನ್ನು ಮಾತ್ರ ಬಿಡಲಿಲ್ಲ. ನಿಜಾಮರ ಆಳ್ವಿಕೆಯ ವಿರುದ್ಧ ಎದ್ದ ದನಿಗಳಲ್ಲಿ ಉರ್ದುವಿನ ದನಿಯೂ ಒಂದು ಎಂಬುದನ್ನು ಮರೆಯುವ ಹಾಗಿಲ್ಲ.

ಹದಿಮೂರು ತಿಂಗಳು

1947ರ ಆಗಸ್ಟ್ 15ರಂದು ಭಾರತಕ್ಕೆ ಸ್ವಾತಂತ್ರ್ಯ ಬಂದಿತು, ಹೈದರಾಬಾದಿಗೆ ಬರಲಿಲ್ಲ. ನಿಜಾಮರು ಒಕ್ಕೂಟಕ್ಕೆ ಸೇರಲು ಒಪ್ಪಲಿಲ್ಲ. ಸ್ವಾಮಿ ರಮಾನಂದ ತೀರ್ಥರೂ ಅವರ ಸಂಗಡಿಗರೂ ಸೆರೆಮನೆ ಸೇರಿದರು. ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವೇನೋ ಆಯಿತು. ಹಳ್ಳಿಗಳಲ್ಲಿ ಮಾತ್ರ ಸ್ಥಿತಿ ದಿನೇದಿನೇ ಕೆಟ್ಟಿತು. ಕಾಸಿಂ ರಜ್ವಿಯ ರಜಾಕಾರರು ಊರೂರು ನುಗ್ಗಿ ಕೊಳ್ಳೆ ಹೊಡೆದರು.

ವಿದ್ಯಾರ್ಥಿಗಳು ಶಾಲೆ ಕಾಲೇಜುಗಳನ್ನು ಬಿಟ್ಟು ಹೊರಬಂದರು. ವಕೀಲರು ಕೋರ್ಟುಗಳನ್ನು ಬಹಿಷ್ಕರಿಸಿದರು. ಗಡಿಯಾಚೆಯ ಗಜೇಂದ್ರಗಡ, ಮುಂಡರಗಿಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ಸಿಂಧನೂರಿನ ಕಡೆಯವರಿಗೆ ತುಂಗಭದ್ರೆಯೇ ಗಡಿ. ಹೊಳೆಯ ಈಚೆ ನಿಜಾಮರ ರಾಜ್ಯ, ಆಚೆ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ, ಎಂದರೆ ಸ್ವತಂತ್ರ ಭಾರತ. ಆಚೆಯ ದಡದಲ್ಲಿಯೂ ಆಡುವ ಮಾತು ಇದೇ ಕನ್ನಡ. ಪರೀಕ್ಷೆಯ ಪುಸ್ತಕ ಹಿಡಿಯಬೇಕಾದ ವಯಸ್ಸಿನಲ್ಲಿ ಹುಡುಗರು ತಾಯಿತಂದೆಯರ ಕೈಹಿಡಿದು ಗಡಿ ದಾಟಬೇಕಾಯಿತು. ಒಂದು ವರ್ಷದ ವಿದ್ಯೆ ಹೋಯಿತು. ಕೆಲವರಿಗೆ ಎಂದೆಂದಿಗೂ ಹೋಯಿತು. ಬಡ ಕುಟುಂಬದ ಹುಡುಗನಿಗೆ ಕಾಲೇಜು ಬಿಡುವುದೆಂದರೆ ಅದೇನು ಸಣ್ಣ ತ್ಯಾಗವೆ?

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಜನರು ಸಂತೋಷಪಟ್ಟರು. ಆದರೆ ಆ ಸಂತೋಷದ ಬೆನ್ನಿಗೇ ಇನ್ನೊಂದು ದುಃಖವೂ ಬಂದಿತು. ರಜಾಕಾರರ ಪಾಪಕ್ಕೆ ಕಲಬುರ್ಗಿ, ಬೀದರ ಮೊದಲಾದ ಜಿಲ್ಲೆಗಳಲ್ಲಿ ನಿರಪರಾಧಿಗಳಾದ ಮುಸಲ್ಮಾನರು ಬೆಲೆ ತೆತ್ತರು. ಸರಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ಇದನ್ನೆಲ್ಲ ಕಂಡು ವರದಿ ಬರೆಯಿತು. ಆ ವರದಿ ಹಲವು ದಶಕಗಳವರೆಗೆ ಬೆಳಕು ಕಾಣಲಿಲ್ಲ.

ಸರ್ವಜ್ಞನನ್ನು ಹುಡುಕಿದವರು

ಗಾಯ ಇನ್ನೂ ಮಾಯ್ದಿರಲಿಲ್ಲ. ಮರುವರ್ಷ, 1949ರಲ್ಲಿ, ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿತು. ಅಧ್ಯಕ್ಷರು ಉತ್ತಂಗಿ ಚನ್ನಪ್ಪನವರು. ಅವರು ಕ್ರೈಸ್ತ ಪಾದ್ರಿಗಳು. ಚದರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ವರ್ಷಗಟ್ಟಲೆ ಶ್ರಮಪಟ್ಟು ಕೂಡಿಹಾಕಿ 1924ರಲ್ಲಿ ಪುಸ್ತಕವಾಗಿ ತಂದವರು. ಮತದ ಹೆಸರಿನಲ್ಲಿ ಮನುಷ್ಯರು ಬಡಿದಾಡಿದ ಸೀಮೆಗೆ, ಜಾತಿಮತಗಳನ್ನು ನಗೆಯಾಡಿದ ಕವಿಯನ್ನು ಉಳಿಸಿಕೊಟ್ಟ ಪಾದ್ರಿಯೊಬ್ಬರು ಅಧ್ಯಕ್ಷರಾಗಿ ಬಂದರು. ಇದಕ್ಕಿಂತ ಉಚಿತವಾದ ಆಯ್ಕೆ ಬೇರೊಂದಿರಲಾರದು.

ಕಾಲಚಕ್ರ ತಿರುಗಿತು. ಉಸ್ಮಾನಿಯಾದಲ್ಲಿ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷು ಬಂದಿತು. ಈಗ ಕಂಗಾಲಾಗುವ ಸರದಿ ಉರ್ದುವಿನಲ್ಲಿ ಓದಿದವರದಾಯಿತು. ಆ ತಲೆಮಾರಿನ ಕನ್ನಡಿಗರು ಇದನ್ನು ಸೇಡಿನ ಕಣ್ಣಿನಿಂದ ನೋಡಬಹುದಾಗಿತ್ತು. ಅವರಲ್ಲಿ ಉತ್ತಮರಾದವರು ಹಾಗೆ ಮಾಡಲಿಲ್ಲ. ರಾಯಚೂರು ಜಿಲ್ಲೆಯ ಹೆಂಬೆರಾಳಿನಲ್ಲಿ 1924ರಲ್ಲಿ ಹುಟ್ಟಿದ ಶಾಂತರಸರು ತಾವು ಕಲಿತ ಉರ್ದುವನ್ನು ಕನ್ನಡಕ್ಕೆ ಕಾಣಿಕೆಯಾಗಿ ತಂದರು. ಕನ್ನಡದಲ್ಲಿ ಗಜಲನ್ನು ನೆಲೆಗೊಳಿಸಿದ ಮೊದಲಿಗರಲ್ಲಿ ಅವರೊಬ್ಬರು. 2006ರಲ್ಲಿ ಬೀದರದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. 'ಕಾವ್ಯಾನಂದ'ರೆಂದು ಹೆಸರಾದ ಸಿದ್ಧಯ್ಯ ಪುರಾಣಿಕರೂ ಉಸ್ಮಾನಿಯಾದಲ್ಲಿ ಓದಿ ಬಂದವರೇ. ಅವರ ಜಗಳ ಅಧಿಕಾರದೊಡನೆ ಇತ್ತು, ಭಾಷೆಯೊಡನೆ ಇರಲಿಲ್ಲ. ಸಾಹಿತ್ಯವನ್ನು ಓದಿದವರಿಗೆ ಮಾತ್ರ ಈ ಭೇದ ಅಷ್ಟು ಸ್ಪಷ್ಟವಾಗಿ ಕಾಣುತ್ತದೆಯೋ ಏನೋ!

1956ರ ನವೆಂಬರ್ 1ರಂದು ರಾಯಚೂರು, ಕಲಬುರ್ಗಿ, ಬೀದರಗಳು ಮೈಸೂರು ರಾಜ್ಯದಲ್ಲಿ ಸೇರಿದವು. ಗೆರೆಯನ್ನು ಎಳೆದವರು ರಾಜಕಾರಣಿಗಳು. ಗೆರೆಯ ಈಚೆಯವರೂ ಆಚೆಯವರೂ ಒಂದೇ ಎಂಬ ಭಾವನೆಯನ್ನು ಅದಕ್ಕೆ ಮೊದಲೇ ಬೆಳೆಸಿದ್ದುದು ಪದ, ವಚನ, ಕಾವ್ಯ. ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಕರೆ ಬಂದಾಗ ಕಾಲೇಜನ್ನು ಬಿಡಬೇಕಾಗಬಹುದು. ಆದರೆ ಯಾವುದಕ್ಕಾಗಿ ಬಿಟ್ಟೆವೆಂಬುದು ನೆನಪಿನಲ್ಲಿರಬೇಕಾದರೆ ಓದು ಒಳಗೆ ಉಳಿದಿರಬೇಕು.

ಇಂದು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರಿನ ಸೀಮೆ ಬತ್ತದ ಕಣಜವಾಗಿದೆ. ಆ ಗದ್ದೆಗಳ ನಡುವೆ ಬಂಗಾಳಿಗಳ ಕ್ಯಾಂಪುಗಳಿವೆ. 1971ರ ಯುದ್ಧದ ಆಸುಪಾಸಿನಲ್ಲಿ ಪೂರ್ವ ಬಂಗಾಳದಿಂದ ಮನೆಮಠ ಕಳೆದುಕೊಂಡು ಬಂದ ಕುಟುಂಬಗಳಿಗೆ ಸರಕಾರ ಇಲ್ಲಿ ನೆಲೆ ಕೊಟ್ಟಿತು. ಅವರು ಬಿಟ್ಟುಬಂದ ನಾಡಿನಲ್ಲಿಯೂ, 1952ರ ಫೆಬ್ರವರಿ 21ರಂದು, ತಾಯ್ನುಡಿಗಾಗಿ ಢಾಕಾದ ವಿದ್ಯಾರ್ಥಿಗಳು ಗುಂಡಿಗೆ ಎದೆಯೊಡ್ಡಿದ್ದರು. ಆ ದಿನವನ್ನೇ ಜಗತ್ತು ಈಗ ಮಾತೃಭಾಷಾ ದಿನವಾಗಿ ಆಚರಿಸುತ್ತದೆ. ಕ್ಯಾಂಪಿನ ಮಕ್ಕಳು ಮನೆಯಲ್ಲಿ ಬಂಗಾಳಿ ಆಡಿ ಶಾಲೆಯಲ್ಲಿ ಕನ್ನಡ ಓದುತ್ತಾರೆ. ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು ಎಂಬ ಪಾಡು ಏನೆಂಬುದನ್ನು ಸಾಲಗುಂದದ ಸುತ್ತಣ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಜ್ಜಿಯ ಪದವನ್ನು ಮರೆಯದೆ ಶಾಲೆಯ ಪದ್ಯವನ್ನೂ ಕಲಿಯುವ ಹಾದಿಯನ್ನು ಈ ನೆಲದವರೇ ಆ ಮಕ್ಕಳಿಗೆ ತೋರಿಸಬಲ್ಲರು.