ಕಣ್ಣೀರಿನ ಕಟ್ಟುಕಥೆಗಳು

ಕಳೆದ ವರ್ಷ ಚಿಂತಾಮಣಿಯ ನಮ್ಮ ಹಳೆಯ ಮನೆಯಲ್ಲಿ ನನ್ನ ಗೃಹಿಣಿಯ ಮೊದಲ ವರ್ಷದ ತಿಥಿ ನಡೆಯಿತು. ಕರ್ಮವೆಲ್ಲ ಮುಗಿಯುವ ಹೊತ್ತಿಗೆ ನನ್ನ ಕಣ್ಣು ತುಂಬಿ ಬಂದಿತು. ಐದು ವರ್ಷದ ಮೊಮ್ಮಗಳು ಹತ್ತಿರ ಬಂದು, “ತಾತ, ಯಾಕೆ ಅಳ್ತಿದ್ದೀಯ?” ಎಂದಳು. “ಅಳ್ತಿಲ್ಲ ಮಗು, ಹೊಗೆ” ಎಂದೆ. ಕೆಂಡ ಆರಿ ಬಹಳ ಹೊತ್ತಾಗಿತ್ತು. ಆಕೆ ಬೂದಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, “ಹೊಗೆ ಅಲ್ಲ. ಅಜ್ಜಿ ಮೇಲೆ ಈರುಳ್ಳಿ ಹೆಚ್ತಾ ಇದಾಳೆ” ಎಂದು ತೀರ್ಪಿತ್ತಳು. ತಿಥಿಯ ಮನೆಯಲ್ಲಿ ಈರುಳ್ಳಿಯ ಹೆಸರೆತ್ತುವಂತಿಲ್ಲ. ಆದರೂ ಪುರೋಹಿತರು ಮೊದಲ್ಗೊಂಡು ಎಲ್ಲರೂ ನಕ್ಕರು. ನಾನೂ ನಕ್ಕೆ, ಕಣ್ಣೀರು ಮಾತ್ರ ನಿಲ್ಲಲಿಲ್ಲ.

ಮನುಷ್ಯ ಏಕೆ ಅಳುತ್ತಾನೆಂಬುದಕ್ಕೆ ಮನುಷ್ಯನೇ ಕಟ್ಟಿಕೊಂಡ ಕಥೆಗಳನ್ನು ಕೂಡಿಹಾಕುವ ಚಪಲ ನನಗೆ ಹತ್ತಿದ್ದು ಅಂದಿನಿಂದ. ಪ್ರಾಚೀನ ಈಜಿಪ್ಟಿನವರದು ಎಲ್ಲಕ್ಕಿಂತ ಸೊಗಸು: ಸೂರ್ಯದೇವ ರಾ ಅತ್ತನಂತೆ, ಆ ಕಣ್ಣೀರಿನಿಂದ ನಾವೆಲ್ಲ ಹುಟ್ಟಿದೆವಂತೆ. ನಮ್ಮ ಪುರಾಣದ ರುದ್ರನ ಕಣ್ಣೀರು ರುದ್ರಾಕ್ಷಿಯ ಮರವಾಯಿತು. ಇವು ಪುರಾಣಗಳೆಂದು ಬಿಡೋಣ. ಪಂಡಿತರೇನು ಕಡಿಮೆ? ಮಿದುಳಿನ ತೇವವೇ ಹಿಂಡಿ ಕಣ್ಣಿನಲ್ಲಿ ಇಳಿಯುತ್ತದೆಂದು ಯುರೋಪಿನ ವೈದ್ಯರು ಶತಮಾನಗಳ ಕಾಲ ನಂಬಿದ್ದರು. ಕಣ್ಣಿನ ಮೇಲ್ಗಡೆಯ ಗ್ರಂಥಿಯಿಂದ ಸಣ್ಣ ನಾಳಗಳ ಮೂಲಕ ಈ ನೀರು ಬರುತ್ತದೆಂದು ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸೆನ್ ತೋರಿಸಿದ್ದು 1662ರಲ್ಲಿ.

ಎಲ್ಲಿಂದ ಎಂಬುದು ತಿಳಿಯಿತು. ಏಕೆ ಎಂಬುದು ಹಾಗೆಯೇ ಉಳಿಯಿತು. ಡಾರ್ವಿನ್ ಮಹಾಶಯನ ತಾಳ್ಮೆ ದೊಡ್ಡದು. 77 ದಿನದ ತನ್ನ ಕೂಸಿನ ಒಂದು ಕಣ್ಣಿಗೆ ಅಕಸ್ಮಾತ್ತಾಗಿ ಕೋಟಿನ ತೋಳು ತಾಗಿದಾಗ ಆ ಕಣ್ಣಿನಲ್ಲಿ ಮಾತ್ರ ನೀರು ಬಂದು, ಮಗು ಕಿರಿಚಿ ಅತ್ತರೂ ಇನ್ನೊಂದು ಕಣ್ಣು ಒಣಗಿಯೇ ಇದ್ದುದನ್ನು ಆತ ಗಮನಿಸಿ ಬರೆದಿಟ್ಟ. (ಆ ತಾಯಿ ಏನೆಂದಳೋ!) ಹಸುಗೂಸುಗಳು ಮೊದಲ ಕೆಲವು ವಾರ ಕಣ್ಣೀರಿಲ್ಲದೆಯೇ ಅಳುತ್ತವೆಂಬುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಅಳುವಾಗ ಕಣ್ಣಿನ ಸುತ್ತಲ ಸ್ನಾಯುಗಳು ಬಿಗಿಯುವುದರಿಂದ ನೀರು ಬರುತ್ತದೆ, ಅದಕ್ಕೆ ಬೇರೆ ಉದ್ದೇಶವಿಲ್ಲ ಎಂದು 1872ರ ತನ್ನ ಗ್ರಂಥದಲ್ಲಿ ಆತ ತೀರ್ಮಾನಿಸಿದ. ಉದ್ದೇಶವಿಲ್ಲವೆಂಬ ಮಾತು ನನಗೇಕೋ ರುಚಿಸದು.

ಇನ್ನು ಹೊಗೆ. ಅಮೆರಿಕದ ಮಿದುಳು ತಜ್ಞ ಪಾಲ್ ಮ್ಯಾಕ್ಲೀನ್ ಒಂದು ಊಹೆ ಮಾಡಿದ: ನಮ್ಮ ಪೂರ್ವಿಕರು ಸತ್ತವರನ್ನು ಸುಡುವಾಗ ಚಿತೆಯ ಹೊಗೆಗೆ ಕಣ್ಣೀರು ಬರುತ್ತಿತ್ತು; ಅಗಲಿಕೆಗೂ ಕಣ್ಣೀರಿಗೂ ಗಂಟು ಬಿದ್ದದ್ದು ಹಾಗೆ. ಇದನ್ನೋದಿದಾಗ ನನ್ನ ಸುಳ್ಳು ಅಷ್ಟೇನೂ ಸುಳ್ಳಲ್ಲವೆಂದು ಸಮಾಧಾನವಾಯಿತು. ಭರತಮುನಿಯಂತೂ ನಾಟ್ಯಶಾಸ್ತ್ರದಲ್ಲಿ ಅಶ್ರುವಿಗೆ ಕಾರಣಗಳನ್ನು ಹೇಳುವಾಗ ಆನಂದ, ಭಯ, ಶೋಕಗಳ ಜೊತೆಗೇ ಹೊಗೆ, ಕಾಡಿಗೆ, ಆಕಳಿಕೆ, ಚಳಿಗಳನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ್ದಾನೆ. ಈರುಳ್ಳಿಯನ್ನು ಹೇಳಲಿಲ್ಲ. ಅದರ ರಹಸ್ಯ ಸರಳ: ಹೆಚ್ಚಿದಾಗ ಗಂಧಕದ ಅಂಶವುಳ್ಳ ಒಂದು ಆವಿ ಏಳುತ್ತದೆ. ಅದನ್ನು ಉಂಟುಮಾಡುವ ಕಿಣ್ವವನ್ನು ಜಪಾನೀಯರು 2002ರಲ್ಲಿ ಗುರುತಿಸಿದರು. ನಮ್ಮ ಸೀಮೆಯ ಪುಟ್ಟ ಗುಲಾಬಿ ಈರುಳ್ಳಿ ಹಡಗು ಹತ್ತಿ ಹೊರದೇಶದವರನ್ನೂ ಅಳಿಸಿ ಬರುತ್ತದೆ. ದುಃಖದ ಕಣ್ಣೀರಿಗೆ ಮಾತ್ರ ಎಲ್ಲರೂ ಒಪ್ಪುವ ಒಂದೇ ಕಾರಣ ವಿಜ್ಞಾನಕ್ಕೆ ಇಂದಿಗೂ ದೊರೆತಿಲ್ಲ.

ನಮ್ಮ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರ ಎಂಬುದು ಇಲ್ಲಿಯ ಜನರ ನಂಬಿಕೆ. ಬಕಾಸುರನಿಗೆ ಆಹಾರವಾಗುವ ಸರದಿ ಪಾಂಡವರು ಇಳಿದುಕೊಂಡಿದ್ದ ಮನೆಗೆ ಬಂದಿತ್ತು. ‘ನಾನು ಹೋಗುತ್ತೇನೆ’ ಎಂದು ತಂದೆ, ‘ನಾನು’ ಎಂದು ತಾಯಿ, ‘ನಾನು’ ಎಂದು ಮಗಳು, ಮೂವರೂ ಅಳುತ್ತಿದ್ದಾರೆ. ಆಗ ಇನ್ನೂ ತೊದಲು ಮಾತಿನ ಚಿಕ್ಕ ಮಗ ಒಬ್ಬೊಬ್ಬರ ಬಳಿಗೂ ಹೋಗಿ ಅಳಬೇಡಿ ಎನ್ನುತ್ತಾನೆ. ಕೈಯಲ್ಲೊಂದು ಹುಲ್ಲುಕಡ್ಡಿ ಹಿಡಿದು, ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. ಅಷ್ಟು ದುಃಖದ ನಡುವೆಯೂ ಅವರಿಗೆ ನಗು ಬಂತು. ಬಾಗಿಲಾಚೆ ಕೇಳುತ್ತ ನಿಂತಿದ್ದ ಕುಂತಿ, ಇದೇ ಸಮಯವೆಂದು ಒಳಗೆ ಬಂದಳು.