ಬೆರಳಿನ ಹಿಂದೆ ಓಡುವ ಕಣ್ಣು

ಎದುರಿಗೆ ಕೂತ ಥೆರಪಿಸ್ಟ್ ಎರಡು ಬೆರಳು ಜೋಡಿಸಿ ನಿಮ್ಮ ಮುಖದ ಮುಂದೆ ಎಡಕ್ಕೂ ಬಲಕ್ಕೂ ಬೀಸುತ್ತಾರೆ. ತಲೆ ಅಲುಗಿಸದೆ ಕಣ್ಣಷ್ಟೇ ಅದರ ಹಿಂದೆ ಓಡಬೇಕು. ಮನಸ್ಸಿನಲ್ಲಿ ಮಾತ್ರ ನಿಮ್ಮನ್ನು ಕಾಡುವ ಅದೇ ಅಪಘಾತ: ಬ್ರೇಕಿನ ಕಿರುಚು, ಸಿಡಿದ ಗಾಜು. ಸುಮಾರು ಅರ್ಧ ನಿಮಿಷಕ್ಕೆ ಬೆರಳು ನಿಲ್ಲುತ್ತದೆ. 'ಈಗೇನು ಬರುತ್ತಿದೆ?' ಎಂದು ಕೇಳುತ್ತಾರೆ. ಮತ್ತೆ ಬೆರಳು. ಸಂಕಟಕ್ಕೆ 0ಯಿಂದ 10ರೊಳಗೆ ನೀವೇ ಅಂಕ ಕೊಡಬೇಕು; ಅದು ಸೊನ್ನೆಯ ಹತ್ತಿರ ಇಳಿಯುವ ತನಕ ಇದೇ ನಡೆಯುತ್ತದೆ.

ಮಾಟಮಂತ್ರದ ಹಾಗೆ ಕಂಡರೆ ನಿಮ್ಮ ತಪ್ಪಲ್ಲ. 1987ರಲ್ಲಿ ಅಮೆರಿಕದ ಫ್ರಾನ್ಸೀನ್ ಶಪೀರೊ ಪಾರ್ಕಿನಲ್ಲಿ ನಡೆಯುತ್ತಿದ್ದಾಗ, ಕಾಡುತ್ತಿದ್ದ ಯೋಚನೆಗಳು ಮಂಕಾದದ್ದನ್ನೂ ಆ ಹೊತ್ತಿನಲ್ಲಿ ಕಣ್ಣುಗಳು ಅತ್ತಿತ್ತ ಓಡಾಡಿದ್ದನ್ನೂ ಗಮನಿಸಿದರಂತೆ. ಅದರಿಂದ ಹುಟ್ಟಿದ ಈ ಇಎಂಡಿಆರ್ ಪದ್ಧತಿಗೆ ವಿಜ್ಞಾನಿಗಳು ಬಹುಕಾಲ ಮೂಗು ಮುರಿದರು. ಆದರೆ 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ, ಆಘಾತದ ನಂತರ ಕಾಡುವ ಪಿಟಿಎಸ್‌ಡಿಯ ಚಿಕಿತ್ಸೆಗೆ ಅದನ್ನು ಶಿಫಾರಸು ಮಾಡಿತು. ಗುಣ ಸಿಗುತ್ತದೆ, ಸರಿ. ಅದು ಕಣ್ಣಿನ ಗುಣವೋ, ನೋವನ್ನು ಧೈರ್ಯವಾಗಿ ನೆನೆದದ್ದರ ಗುಣವೋ? ಜಗಳ ಇರುವುದು ಇಲ್ಲಿ.

ನೆದರ್ಲೆಂಡ್ಸ್‌ನ ಉಟ್ರೆಕ್ಟ್ ಸಂಶೋಧಕರ ಉತ್ತರ ಸರಳ. ಆ ಕ್ಷಣದ ಕೆಲಸಕ್ಕೆ ಮಿದುಳಿಗಿರುವ ವರ್ಕಿಂಗ್ ಮೆಮೊರಿಯ ಜಗಲಿ ಬಹಳ ಕಿರಿದು. ಬೆರಳನ್ನು ಹಿಂಬಾಲಿಸುವ ಕಣ್ಣೂ ಅಪಘಾತದ ಚಿತ್ರವೂ ಅಲ್ಲೇ ಕೂರಬೇಕು. ಜಾಗ ಸಾಲದೆ ಚಿತ್ರದ ಬಣ್ಣ, ಬಿಸಿ ಎರಡೂ ತಗ್ಗುತ್ತವೆ. ಮನಸ್ಸಿನಲ್ಲೇ ಲೆಕ್ಕ ಮಾಡುತ್ತಾ ನೆನೆದರೂ ಹೀಗೇ ಆಗುತ್ತದೆ. ಕಿವಿಗೆ ಬೀಪ್ ಕೇಳಿಸಿದರೆ ಪರಿಣಾಮ ಕಡಿಮೆ, ಏಕೆಂದರೆ ಸುಮ್ಮನೆ ಕೇಳುವುದಕ್ಕೆ ಅಂಥ ಶ್ರಮ ಬೇಕಿಲ್ಲ. ಇನ್ನೊಂದು ಎಳೆಯೂ ಇದೆ. ಕೆದಕಿದ ನೆನಪು ಸ್ವಲ್ಪ ಹೊತ್ತು ಸಡಿಲವಾಗಿದ್ದು ಮತ್ತೆ ಗಟ್ಟಿಯಾಗುತ್ತದೆಂದು 2000ದಲ್ಲಿ ಇಲಿಗಳ ಪ್ರಯೋಗ ತೋರಿಸಿತ್ತು. ಮಂಕಾದ ಪ್ರತಿಯೇ ಹಾಗೆ ಗಟ್ಟಿಯಾಗುತ್ತಿರಬಹುದು. ಎಡ-ಬಲ ಮಿದುಳುಗಳು ಮಾತಾಡಿಕೊಳ್ಳುತ್ತವೆ ಎಂಬ ಜನಪ್ರಿಯ ವಿವರಣೆಗಿಂತ ನನಗೆ ಇದೇ ಹಿಡಿಸುತ್ತದೆ.

ಆದರೆ 2019ರಲ್ಲಿ ದಕ್ಷಿಣ ಕೊರಿಯದ ಇಲಿಗಳು ಇದಕ್ಕೊಂದು ತೊಡಕು ತಂದವು. ಒಂದು ಸದ್ದು, ಜೊತೆಗೆ ಕಾಲಿಗೆ ಶಾಕ್. ಮುಂದೆ ಸದ್ದೊಂದೇ ಸಾಕು, ಇಲಿ ಮರಗಟ್ಟಿ ನಿಲ್ಲುತ್ತದೆ. ಆ ಸದ್ದಿನ ಜೊತೆಗೆ ಎಡಬಲಕ್ಕೆ ಓಡುವ ಬೆಳಕು ತೋರಿಸಿದಾಗ ಭಯ ಬೇಗ ಇಳಿಯಿತು, ಮತ್ತೆ ಸುಲಭವಾಗಿ ಮರುಕಳಿಸಲೂ ಇಲ್ಲ. ನಿಂತಲ್ಲೇ ಉರಿಯುವ ಬೆಳಕಿಗೆ ಆ ಶಕ್ತಿ ಇರಲಿಲ್ಲ. ಕಣ್ಣನ್ನು ತಿರುಗಿಸುವ ಸುಪೀರಿಯರ್ ಕಾಲಿಕ್ಯುಲಸ್‌ನಿಂದ ಥಾಲಮಸ್ ಮೂಲಕ, ಭಯದ ಠಾಣೆಯಾದ ಅಮಿಗ್ಡಲಾವನ್ನು ಅಡಗಿಸುವ ದಾರಿಯೊಂದು ಅಲ್ಲಿ ಸಿಕ್ಕಿತು. ಆ ದಾರಿ ತಡೆದರೆ ಬೆಳಕು ವ್ಯರ್ಥ.

ಇಲಿ ಮನಸ್ಸಿನಲ್ಲಿ ಲೆಕ್ಕ ಮಾಡುವುದಿಲ್ಲವಲ್ಲ! ಹಾಗಿದ್ದರೆ ಜಗಲಿಯ ಕತೆ ಸುಳ್ಳೇ? ಹಾಗೇನೂ ಇಲ್ಲ. ಮನುಷ್ಯರನ್ನು ಸ್ಕ್ಯಾನರಿನೊಳಗೆ ಮಲಗಿಸಿ ನೋಡಿದಾಗ, ಕಣ್ಣು ಓಡಾಡಿಸಿದರೂ ಸರಿ, ವರ್ಕಿಂಗ್ ಮೆಮೊರಿಗೆ ಕಷ್ಟದ ಕೆಲಸ ಕೊಟ್ಟರೂ ಸರಿ, ಅಮಿಗ್ಡಲಾದ ಚಟುವಟಿಕೆ ತಗ್ಗಿತ್ತು.